ಸಿದ್ಧಾಂತ ಓದಿದ್ದಾಯಿತು, ಕೇಸ್ ಎದುರಿಗೆ ಬಂದಾಗ ಯಾವುದನ್ನು ಹಿಡಿಯಲಿ?

ಪ್ರಶ್ನೆ: ನಾನು ಸಮಾಜಕಾರ್ಯ ವಿದ್ಯಾರ್ಥಿನಿ. ತರಗತಿಯಲ್ಲಿ ಹತ್ತಾರು ಸಿದ್ಧಾಂತ ಓದಿದ್ದೇವೆ. ಫೀಲ್ಡ್‌ವರ್ಕ್‌ಗೆ ಹೋದರೆ ಒಂದೂ ಕೈಗೆ ಬರುವುದಿಲ್ಲ. ವರದಿ ಬರೆಯುವಾಗ ಮಾತ್ರ ಯಾವುದೋ ಒಂದರ ಹೆಸರು ಸೇರಿಸುತ್ತೇನೆ. ನಿಜವಾಗಿ ಬಳಸುವುದು ಹೇಗೆ?

ಉತ್ತರ: ವರದಿಯ ಕೊನೆಗೆ ಹೆಸರು ಅಂಟಿಸುವ ಅಭ್ಯಾಸ ನಿಮ್ಮೊಬ್ಬರದಲ್ಲ. ವರ್ಷಗಟ್ಟಲೆ ಕೆಲಸ ಮಾಡಿದವರಲ್ಲೂ ಅದಿದೆ. ಮೊದಲು ಎರಡನ್ನು ಬೇರೆ ಮಾಡಿಕೊಳ್ಳಿ. ‘ಇದು ಹೀಗೇಕೆ ಆಗುತ್ತಿದೆ’ ಎಂಬುದಕ್ಕೆ ಸಿದ್ಧಾಂತ ಒಂದು ಊಹೆ ಕೊಡುತ್ತದೆ, ಅಷ್ಟೆ. ‘ಹಾಗಾದರೆ ಈಗ ಏನು ಮಾಡೋಣ’ ಎನ್ನುವಾಗ ಬೇಕಾಗುವುದು ಇಂಟರ್ವೆನ್ಷನ್, ಅಂದರೆ ನೆರವಿಗೆ ಕೈಹಾಕುವ ವಿಧಾನ. ಊಹೆಯೇ ಇಲ್ಲದೆ ವಿಧಾನಕ್ಕೆ ಕೈಹಾಕುವುದರಿಂದಲೇ ಬಂದವರಿಗೆಲ್ಲ ಒಂದೇ ಬಗೆಯ ಕೌನ್ಸೆಲಿಂಗ್ ಆಗುತ್ತಿರುವುದು.

ಒಂದು ಕಾಲ್ಪನಿಕ ಕೇಸ್ ಇಟ್ಟುಕೊಳ್ಳೋಣ. ಹದಿನಾಲ್ಕರ ಹುಡುಗ ಎರಡು ತಿಂಗಳಿಂದ ಶಾಲೆಗೆ ಹೋಗಿಲ್ಲ. ತಂದೆ ಕುಡಿಯುತ್ತಾರೆ. ತಾಯಿ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಮೂರು ವರ್ಷದ ತಂಗಿಯಿದ್ದಾಳೆ. ‘ಹುಡುಗನಿಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಶಾಲೆಯವರು ಬರೆದು ಕಳಿಸಿದ್ದಾರೆ. ಅದೂ ಒಂದು ಊಹೆಯೇ, ಯಾರೂ ಪರೀಕ್ಷಿಸಿ ನೋಡದ ಊಹೆ.

ಮಗುವಿಗೂ ಅದನ್ನು ನೋಡಿಕೊಳ್ಳುವವರಿಗೂ ಇರುವ ನಂಟನ್ನು ಕುರಿತ ಬೌಲ್ಬಿಯ ಅಟ್ಯಾಚ್‌ಮೆಂಟ್ ಸಿದ್ಧಾಂತ ಮನಸ್ಸಿನಲ್ಲಿದ್ದರೆ, ಕಷ್ಟ ಬಂದಾಗ ಈ ಹುಡುಗ ಯಾರ ಹತ್ತಿರ ಹೋಗುತ್ತಾನೆ ಎಂದು ಕೇಳುತ್ತೀರಿ. ವರ್ತನಾ ಸಿದ್ಧಾಂತವಾದರೆ, ಶಾಲೆ ತಪ್ಪಿಸಿದ ದಿನ ಅವನಿಗೆ ಏನು ಸಿಗುತ್ತದೆ, ಯಾವುದರಿಂದ ತಪ್ಪಿಸಿಕೊಳ್ಳುತ್ತಾನೆ ಎಂದು ನೋಡುತ್ತೀರಿ. ಬ್ರಾನ್ಫೆನ್‌ಬ್ರೆನರ್ 1979ರಲ್ಲಿ ವಿವರಿಸಿದ ಪರಿಸರ ದೃಷ್ಟಿ ಇನ್ನೊಂದು ಕಡೆ ಕರೆದೊಯ್ಯುತ್ತದೆ: ಮಗು ಎಂದೂ ಕಾಲಿಡದ ಜಾಗಗಳೂ ಅದರ ಬದುಕನ್ನು ತಿರುಗಿಸುತ್ತವೆ. ತಾಯಿ ಕೆಲಸ ಮಾಡುವ ಜಾಗ ಅಂಥದ್ದು. ಅವರ ಕೆಲಸದ ಹೊತ್ತು ಬದಲಾದದ್ದು ಯಾವಾಗ? ಎರಡು ತಿಂಗಳ ಹಿಂದೆ. ಹಗಲು ಚಿಕ್ಕವಳನ್ನು ನೋಡಿಕೊಳ್ಳುವವರು ಯಾರು? ಇವನೇ. ಹೀಗೆ ಸಿದ್ಧಾಂತವೆಂದರೆ ಕೇಳಬೇಕಾದ ಪ್ರಶ್ನೆ ಎಂದು ಹಿಡಿದರೆ ಅದು ಭೇಟಿಯ ಹೊತ್ತಿಗೇ ಒದಗುತ್ತದೆ, ವರದಿಯವರೆಗೆ ಕಾಯುವುದಿಲ್ಲ.

ಇಂಥ ಕಡೆ ಇಕೋಮ್ಯಾಪ್, ಅಂದರೆ ಮನೆಯವರಿಗೆ ಹೊರಗಿನೊಂದಿಗಿರುವ ನಂಟುಗಳ ನಕ್ಷೆ, ತುಂಬ ಉಪಯೋಗಕ್ಕೆ ಬರುತ್ತದೆ. 1970ರ ದಶಕದಲ್ಲಿ ಆ್ಯನ್ ಹಾರ್ಟ್‌ಮನ್ ರೂಪಿಸಿದ್ದು. ನಡುವೆ ಮನೆಯವರು, ಸುತ್ತ ಶಾಲೆ, ಕೆಲಸ, ನೆಂಟರು, ಆಸ್ಪತ್ರೆ. ಗಟ್ಟಿ ನಂಟಿಗೆ ದಪ್ಪ ಗೆರೆ, ತೆಳು ನಂಟಿಗೆ ಚುಕ್ಕಿ ಗೆರೆ. ಆಫೀಸಿಗೆ ಬಂದು ಒಬ್ಬರೇ ಬರೆಯಬೇಡಿ. ತಾಯಿಯ ಮುಂದೆ ಹಾಳೆಯಿಟ್ಟು ಪೆನ್ನು ಅವರ ಕೈಗೇ ಕೊಡಿ. ‘ನಮ್ಮಕ್ಕ ಎರಡು ಬೀದಿ ಆಚೆ ಇದ್ದಾಳೆ, ಮಾತು ಬಿಟ್ಟು ವರ್ಷವಾಯಿತು’ ಎಂಬಂಥ ಮಾತು ಪ್ರಶ್ನಾವಳಿಗೆ ಸಿಗುವುದಿಲ್ಲ, ಗೆರೆ ಎಳೆಯುವಾಗ ಹೊರಬರುತ್ತದೆ.

ಇಲ್ಲಿಂದ ಮುಂದೆ ವಿಧಾನದ ಸರದಿ. ಈ ಕೇಸಿಗೆ ನಾನಾದರೆ ರೀಡ್ ಮತ್ತು ಎಪ್‌ಸ್ಟೈನ್ 1972ರಲ್ಲಿ ಮಂಡಿಸಿದ ಕಾರ್ಯಕೇಂದ್ರಿತ ವಿಧಾನವನ್ನು ಆರಿಸಿಕೊಳ್ಳುತ್ತೇನೆ. ಅಲ್ಪಾವಧಿಯ ಕೇಸ್‌ವರ್ಕ್ (ಒಬ್ಬ ವ್ಯಕ್ತಿ ಅಥವಾ ಮನೆಯೊಂದಿಗೆ ನಡೆಸುವ ನೆರವಿನ ಕೆಲಸ) ದೀರ್ಘಾವಧಿಯದಕ್ಕಿಂತ ಕಡಿಮೆಯೇನಲ್ಲ ಎಂದು ರೀಡ್ ಮತ್ತು ಶೈನ್ 1969ರಲ್ಲಿ ತೋರಿಸಿದ್ದು ಇದಕ್ಕೆ ಹಿನ್ನೆಲೆ. ಸಮಸ್ಯೆಯನ್ನು ಸೇವಾರ್ಥಿಯ, ಅಂದರೆ ನೆರವು ಪಡೆಯುವವರ, ಮಾತಿನಲ್ಲೇ ಬರೆದುಕೊಳ್ಳಬೇಕು, ಕೆಲಸ ಸಣ್ಣದಾಗಿರಬೇಕು, ಅವಧಿ ಮೊದಲೇ ಗೊತ್ತಿರಬೇಕು. ‘ಮಗುವಿಗೆ ವ್ಯವಸ್ಥೆ ಮಾಡುವುದು’ ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. ‘ಗುರುವಾರ ಸಂಜೆ ಅಕ್ಕನಿಗೆ ಫೋನ್ ಮಾಡಿ, ಮುಂದಿನ ವಾರ ಶಾಲೆ ಬಿಡುವವರೆಗೆ ಮಗುವನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳುವುದು’ ಎಂದು ಬರೆಯಿರಿ. ನಿಮ್ಮ ಹೆಸರಿನಲ್ಲೂ ಒಂದು ಕೆಲಸವಿರಲಿ, ತರಗತಿ ಶಿಕ್ಷಕರನ್ನು ಕಾಣುವಂಥದ್ದಾದರೂ ಸರಿ. ಮುಂದಿನ ಭೇಟಿಯಲ್ಲಿ ಫೋನ್ ಮಾಡಿಲ್ಲವೆಂದು ತಿಳಿದರೆ ‘ಯಾಕೆ ಮಾಡಲಿಲ್ಲ’ ಎನ್ನಬೇಡಿ. ಏನು ಅಡ್ಡ ಬಂತು ಎಂದು ಕೇಳಿ. ಆ ಅಡ್ಡಿಯೇ ಆ ವಾರದ ಕೆಲಸ.

ಇನ್ನು ತಂದೆ. ಅವರು ಸಹಾಯ ಕೇಳಿಲ್ಲ. ಪಿಂಕಸ್ ಮತ್ತು ಮಿನಾಹನ್ 1973ರಲ್ಲಿ ಸೇವಾರ್ಥಿ ಬೇರೆ, ಬದಲಾಗಬೇಕಾದ ಗುರಿ ಬೇರೆ ಎಂದು ವಿಂಗಡಿಸಿದ್ದು ಇಲ್ಲಿ ನೆನಪಿರಲಿ. ಗುರಿ ಯಾವಾಗಲೂ ಮನೆಯೊಳಗಿನವರೇ ಆಗಬೇಕಿಲ್ಲ. ತಾಯಿಯ ಶಿಫ್ಟ್ ನಿಯಮವೂ ಗುರಿಯಾಗಬಹುದು. ತಂದೆಗೆ ಉಪದೇಶ ಕೊಡುವ ಬದಲು, ಕುಡಿತದ ಬಗ್ಗೆ ಅವರಿಗೇ ಇರುವ ಇಬ್ಬಗೆಯನ್ನು ಅವರ ಬಾಯಿಂದಲೇ ಕೇಳಿಸಿಕೊಳ್ಳುವ ಪ್ರೇರಣಾ ಸಂದರ್ಶನ ಹೊಂದುತ್ತದೆ. ವಿಲಿಯಂ ಮಿಲ್ಲರ್ ಅದನ್ನು ಮೊದಲು ವಿವರಿಸಿದ್ದು ಕುಡಿತ ಬಿಡಲಾಗದವರ ವಿಷಯದಲ್ಲೇ, 1983ರಲ್ಲಿ. ಆದರೆ ಮನೆಯಲ್ಲಿ ಹೊಡೆತ ಬಡಿತವಿದೆ, ಯಾರಾದರೂ ಸಾಯುವ ಮಾತಾಡುತ್ತಿದ್ದಾರೆ ಎಂದಾದರೆ ಇದೆಲ್ಲ ಬದಿಗಿರಲಿ. ಸುರಕ್ಷತೆ ಮೊದಲು, ಅಂದೇ ಸೂಪರ್‌ವೈಸರ್‌ಗೆ ತಿಳಿಸಿ.

ಹಲವು ವಿಧಾನ ಬೆರೆಸಬಹುದೇ ಎಂದೂ ಕೇಳುವವರಿದ್ದಾರೆ. ಬೆರೆಸಬಹುದು, ಕಾರಣ ಹೇಳಲು ಬರಬೇಕು. ಒಲೆ ಹೊತ್ತಿಸಲು ಗತಿಯಿಲ್ಲದ ಮನೆಯಲ್ಲಿ ಕೂತು ‘ರಾತ್ರಿ ಪವಾಡ ನಡೆದು ಸಮಸ್ಯೆ ಮಾಯವಾದರೆ ಬೆಳಗ್ಗೆ ಏನು ಬದಲಾಗಿರುತ್ತದೆ’ ಎಂದು ಪರಿಹಾರಕೇಂದ್ರಿತ ವಿಧಾನದ ಪ್ರಶ್ನೆ ಕೇಳುವುದು ನನಗಂತೂ ಅಸಹ್ಯ.

ವರದಿಯಲ್ಲಿ ಸಿದ್ಧಾಂತದ ಹೆಸರಿಗಿಂತ ಮೊದಲು ಈ ಸಾಲು ಬರೆಯಿರಿ: ‘ತಂಗಿಯ ಹೊಣೆಯಿಂದಾಗಿ ಶಾಲೆ ತಪ್ಪುತ್ತಿದೆ ಎಂಬ ನನ್ನ ಊಹೆ ಸರಿಯಿದ್ದರೆ, ದೊಡ್ಡಮ್ಮ ಮಗುವನ್ನು ನೋಡಿಕೊಳ್ಳತೊಡಗಿದ ಎರಡು ವಾರದಲ್ಲಿ ಹಾಜರಾತಿ ಏರಬೇಕು.’ ಏರದಿದ್ದರೆ ಊಹೆ ಬದಲಿಸಿ, ಹುಡುಗನನ್ನಲ್ಲ. ಶಾಲೆಯಲ್ಲಿ ಅವನು ಯಾರಿಂದ, ಯಾವ ಪೀರಿಯಡ್‌ನಿಂದ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ವಿಚಾರಿಸಿ. ಅವನು ಗೆಳೆಯರ ಜೊತೆಗಿಲ್ಲದಾಗ ಕೇಳಿ.