ಮಾವನ ಮುಂಗೈ, ನಾಯಿಯ ತೂಕ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಸೋದರಮಾವನಿಗೆ 72 ವರ್ಷ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ಜೊತೆಗಿರಲಿ ಅಂತ ಮಗ ಒಂದು ಲ್ಯಾಬ್ರಡಾರ್ ಮರಿ ತಂದುಕೊಟ್ಟ. ವರ್ಷ ತುಂಬುವಷ್ಟರಲ್ಲಿ ಅದು 30 ಕೆ.ಜಿ. ಒಂದು ಬೆಳಿಗ್ಗೆ ರಸ್ತೆಯಲ್ಲಿ ಹಂದಿ ಕಂಡಿತು. ಮಾವ ಸರಪಳಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಹಂದಿಯ ಹಿಂದೆ ನಾಯಿ, ನಾಯಿಯ ಹಿಂದೆ ಮಾವ. ಬೀಳುವಾಗ ಕೈ ಊರಿದರು, ಮುಂಗೈ ಮುರಿಯಿತು. "ನಾಯಿ ಚಲೋನ ಅದ, ನನ್ನ ಕೈನ ಸುಮಾರ" ಎಂದರು, ಪ್ಲಾಸ್ಟರ್ ತೋರಿಸುತ್ತ.

ಇದು ಅವರೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ 2001ರಿಂದ 2006ರವರೆಗಿನ ಆಸ್ಪತ್ರೆ ದಾಖಲೆಗಳಿಂದ ಅಂದಾಜು ಮಾಡಿದಾಗ, ನಾಯಿ-ಬೆಕ್ಕುಗಳ ದೆಸೆಯಿಂದ ಬಿದ್ದು ಪೆಟ್ಟಾದವರು ವರ್ಷಕ್ಕೆ ಸುಮಾರು 86,000. ಹೆಚ್ಚಿನ ಪಾಲು ನಾಯಿಯದೇ. ಮೂಳೆ ಮುರಿತದ ಪ್ರಮಾಣ 75 ದಾಟಿದವರಲ್ಲೇ ಜಾಸ್ತಿ. ವಯಸ್ಸಾದ ಮೇಲೆ ಮೂಳೆ ಟೊಳ್ಳಾಗುತ್ತದೆ, ತಪ್ಪಿದ ಹೆಜ್ಜೆ ಸರಿಮಾಡಿಕೊಳ್ಳುವುದೂ ತಡವಾಗುತ್ತದೆ. ಹಾಗಾಗಿ ವಯಸ್ಸಾದವರಿಗೆ ನಾಯಿ ತರುವಾಗ ತಳಿ ಕೇಳುವ ಮೊದಲು ತೂಕ ಕೇಳಬೇಕು.

ಹಾಗಾದರೆ ಪಗ್? ತೂಕ 6ರಿಂದ 8 ಕೆ.ಜಿ., ಎಳೆದಾಡುವ ಸ್ವಭಾವವೂ ಇಲ್ಲ. ಆದರೆ ನಾಯಿಗೆ ಪಾದ ಬಿಟ್ಟರೆ ಬೇರೆ ಕಡೆ ಬೆವರಿ ತಂಪಾಗಲು ಬರುವುದಿಲ್ಲ. ಅದು ನಾಲಿಗೆ ಚಾಚಿ ತೇಕುತ್ತದಲ್ವಾ, ಆಗ ನಾಲಿಗೆ, ಮೂಗು, ಗಂಟಲಿನ ತೇವ ಆರುತ್ತ ಮೈಯ ಕಾವು ಹೊರಗೆ ಹೋಗುತ್ತದೆ. ಪಗ್‌ಗೆ ಮೂತಿಯೇ ಇಲ್ಲ, ಉಸಿರಿನ ದಾರಿ ಇಕ್ಕಟ್ಟು. ಏಪ್ರಿಲ್ ಬಿಸಿಲಿಗೆ, ಅದರಲ್ಲೂ ಕರೆಂಟ್ ಹೋದ ಮಧ್ಯಾಹ್ನ, ಅದರ ಜೀವಕ್ಕೇ ಕುತ್ತು.

ನಮ್ಮ ಕಡೆಯದೇ ಮುಧೋಳ ನಾಯಿ ಸಾಕಿ ಅನ್ನುವವರಿದ್ದಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ ಅದು, ಅಭಿಮಾನ ನನಗೂ ಇದೆ. ಆದರೆ ಓಡುವುದನ್ನು ಕಂಡರೆ ಬೆನ್ನಟ್ಟುವ ಬೇಟೆ ನಾಯಿ. ಮತ್ತೆ ಹಂದಿ, ಮತ್ತೆ ಪ್ಲಾಸ್ಟರ್.

ನನ್ನ ಮತ ನಾವು ಸುಮ್ನೆ ಪಾಮೇರಿಯನ್ ಅನ್ನುವ ಬಿಳಿ ನಾಯಿಗೆ. ಅದು ಬಹುಪಾಲು ಇಂಡಿಯನ್ ಸ್ಪಿಟ್ಜ್. ಸಣ್ಣ ಜಾತಿಯದು 5ರಿಂದ 7 ಕೆ.ಜಿ., ಮೂತಿ ಉದ್ದ. ಆದರೆ ಮರಿ ಬೇಡ. ಸಣ್ಣ ನಾಯಿಗೆ ಆಯಸ್ಸು ಜಾಸ್ತಿ, 12-14 ವರ್ಷ ಬದುಕುತ್ತದೆ. 72ಕ್ಕೆ ಮರಿ ತಂದರೆ ಅದು ಮುದಿಯಾಗುವಾಗ ಮಾವನಿಗೆ 85. ಕಡಿಯುವುದು, ಕಂಡಲ್ಲಿ ಉಚ್ಚೆ ಹೊಯ್ಯುವುದು ಎಲ್ಲ ಮುಗಿಸಿದ ಐದಾರು ವರ್ಷದ ನಾಯಿ ಸಿಕ್ಕರೆ ಒಳ್ಳೆಯದು. ಸಾಧು ಸ್ವಭಾವದ ಬೀದಿ ನಾಯಿಯಾದರೂ ಸರಿ, ರೇಬಿಸ್ ಲಸಿಕೆ ತಪ್ಪಬಾರದು.

ಮಾವನ ಮನೆಗೆ ಈಗ ಆರು ವರ್ಷದ ಸ್ಪಿಟ್ಜ್ ಬಂದಿದೆ. ರಾತ್ರಿ ಕಾಲಿಗೆ ತೊಡರಬಾರದೆಂದು ಕೊರಳಿಗೆ ಎತ್ತಿಗೆ ಕಟ್ಟುವಂಥದ್ದೇ ಸಣ್ಣ ಗೆಜ್ಜೆ. ರೊಟ್ಟಿ ಹಾಕಬಹುದು, ಉಳ್ಳಾಗಡ್ಡಿ ಹಾಕಿದ ಪಲ್ಯ ಮಾತ್ರ ಬೇಡ ಅಂದಿದ್ದೇನೆ. ಉಳ್ಳಾಗಡ್ಡಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಒಂದೇ ತಕರಾರು, ಬೊಗಳುವುದು ವಿಪರೀತ. ಹಾಲಿನವನು ಬಂದರೂ ಗಲಾಟೆ. ಪಕ್ಕದ ಮನೆಯವರು ಗೊಣಗುತ್ತಾರೆ. ಕಿವಿ ಮಂದವಾದ ಮಾವನಿಗೆ ಬಾಗಿಲ ಗಂಟೆ ಕೇಳಿಸುತ್ತಿರಲಿಲ್ಲ, ಇದು ಕೇಳಿಸುತ್ತದೆ.