ಜಪಾನಿಗೆ ಅಷ್ಟು ಸಾಲವಿದ್ದೂ ಏನೂ ಆಗಲಿಲ್ಲ, ಶ್ರೀಲಂಕಾ ಯಾಕೆ ಕುಸಿಯಿತು?

ಪ್ರಶ್ನೆ: ಜಪಾನ್ ಸರ್ಕಾರದ ಸಾಲ ಆ ದೇಶದ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು ಎಂದು ಓದಿದ್ದೇನೆ. 2022ರಲ್ಲಿ ಶ್ರೀಲಂಕಾದ ಸಾಲ ಅದರ ಸುಮಾರು ಅರ್ಧದಷ್ಟಿತ್ತು. ಆದರೂ ಕೈಯೆತ್ತಿದ್ದು ಶ್ರೀಲಂಕಾ. ಹಾಗಾದರೆ ಒಂದು ದೇಶಕ್ಕೆ ಎಷ್ಟು ಸಾಲವಾದರೆ ಅಪಾಯ?

ಉತ್ತರ: ಇಷ್ಟು ದಾಟಿದರೆ ಮುಳುಗಿತು ಎನ್ನುವ ಗೆರೆ ಎಲ್ಲೂ ಇಲ್ಲ. ಜಿಡಿಪಿಗೆ ಹೋಲಿಸಿದ ಸಾಲದ ಲೆಕ್ಕ ಹೊರೆಯ ಗಾತ್ರವನ್ನಷ್ಟೇ ಹೇಳುತ್ತದೆ. ಹೊರೆ ಯಾವಾಗ ಬೆನ್ನು ಮುರಿಯುತ್ತದೆ ಎನ್ನುವುದು ಬೇರೆ ಸಂಗತಿಗಳ ಮೇಲೆ ನಿಂತಿದೆ: ಸಾಲ ಯಾವ ಕರೆನ್ಸಿಯಲ್ಲಿದೆ, ಕೊಟ್ಟವರು ಯಾರು, ಎಂದು ತೀರಿಸಬೇಕು, ಬೊಕ್ಕಸದ ವರಮಾನದಲ್ಲಿ ಬಡ್ಡಿಗೇ ಎಷ್ಟು ಹೋಗುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಮನೆ ಸಾಲದಂತೆ ಸರ್ಕಾರಗಳು ಅಸಲನ್ನು ತೀರಿಸಿ ಮುಗಿಸುವುದು ಅಪರೂಪ. ಹಳೆಯ ಬಾಂಡಿನ (ಸರ್ಕಾರ ಬರೆದುಕೊಡುವ ಸಾಲಪತ್ರದ) ಅವಧಿ ಮುಗಿದಾಗ ಹೊಸ ಬಾಂಡ್ ಹರಾಜು ಹಾಕಿ, ಬಂದ ದುಡ್ಡಿನಲ್ಲಿ ಹಳೆಯದನ್ನು ತೀರಿಸುತ್ತವೆ. ಹೊಸ ಬಾಂಡ್ ಕೊಳ್ಳುವವರು ಇರುವ ತನಕ ಗಾಡಿ ಓಡುತ್ತದೆ. ಕೊಳ್ಳುವವರು ಹಿಂದೆ ಸರಿದ ದಿನ ಬಿಕ್ಕಟ್ಟು ಶುರು.

ಶ್ರೀಲಂಕಾದಲ್ಲಿ ಆದದ್ದು ಅದೇ. 2007ರಿಂದ ಅದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಡಾಲರ್ ಬಾಂಡ್ ಮಾರಿ ಸಾಲ ಎತ್ತುತ್ತಾ ಬಂದಿತ್ತು. 2019ರ ಕೊನೆಯಲ್ಲಿ ಹೊಸ ಸರ್ಕಾರ ವ್ಯಾಟ್ ದರವನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿತು. ಮೊದಲೇ ತೆಳುವಾಗಿದ್ದ ವರಮಾನ ಇನ್ನೂ ಸೊರಗಿತು. ಕೋವಿಡ್ ಬಂದು ಪ್ರವಾಸೋದ್ಯಮ ನಿಂತಿತು, ಡಾಲರ್ ಬರುವ ಒಂದು ದೊಡ್ಡ ಬಾಗಿಲು ಮುಚ್ಚಿತು. ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ರೇಟಿಂಗ್ ಸಂಸ್ಥೆಗಳು ದೇಶದ ದರ್ಜೆ ಇಳಿಸಿದ ಮೇಲೆ 2020ರಲ್ಲೇ ಹೊಸ ಡಾಲರ್ ಬಾಂಡ್ ಮಾರುವ ದಾರಿ ಬಂದ್ ಆಗಿತ್ತು. ಆದರೂ ಎರಡು ವರ್ಷ ಕೂಡಿಟ್ಟ ಡಾಲರುಗಳ ಮೀಸಲು ನಿಧಿಯಿಂದ ತೆಗೆದು ಕಂತು ಕಟ್ಟಿದರು. 2022ರ ಜನವರಿಯಲ್ಲಿ ಕೂಡ 50 ಕೋಟಿ ಡಾಲರಿನ ಬಾಂಡ್ ತೀರಿಸಿದರು. ನನ್ನ ಪ್ರಕಾರ ಅಲ್ಲೇ ದೊಡ್ಡ ತಪ್ಪಾಯಿತು. ಸಾಲ ಕೊಟ್ಟವರ ಜೊತೆ ಮಾತುಕತೆಗೆ ಕೂರಬೇಕಿದ್ದ ಹೊತ್ತಿನಲ್ಲಿ, ಔಷಧಿ ಮತ್ತು ಇಂಧನಕ್ಕೆ ಬೇಕಿದ್ದ ಡಾಲರ್ ಬಾಂಡ್ ಹಿಡಿದಿದ್ದವರ ಕೈಸೇರಿತು. ಏಪ್ರಿಲ್ 12ರಂದು ವಿದೇಶಿ ಸಾಲದ ಪಾವತಿ ನಿಲ್ಲಿಸುತ್ತೇವೆಂದು ಘೋಷಿಸಿದರು. ಮೇ ಆರಂಭದ ಹೊತ್ತಿಗೆ ಬಳಸಬಹುದಾದ ಮೀಸಲು 5 ಕೋಟಿ ಡಾಲರ್ ಕೂಡ ಇರಲಿಲ್ಲ.

ಕೇಂದ್ರ ಬ್ಯಾಂಕ್ ರೂಪಾಯಿ ಮುದ್ರಿಸಬಲ್ಲದು, ಡಾಲರ್ ಮುದ್ರಿಸಲಾರದು. ರೂಪಾಯಿ ಮುದ್ರಿಸಿದಷ್ಟೂ ಅದರ ಬೆಲೆ ಬಿದ್ದು ಡಾಲರ್ ಸಾಲ ಉಬ್ಬುತ್ತದೆ. ಲೆಕ್ಕ ನೋಡಿ: ಡಾಲರಿಗೆ 200 ಶ್ರೀಲಂಕಾ ರೂಪಾಯಿ ಇದ್ದಾಗ 1,000 ಕೋಟಿ ಡಾಲರ್ ಸಾಲವೆಂದರೆ 2 ಲಕ್ಷ ಕೋಟಿ ರೂಪಾಯಿ. 2022ರ ವಸಂತದಲ್ಲಿ ದರ 360ರ ಆಸುಪಾಸಿಗೆ ಹೋಯಿತು. ಹೊಸದಾಗಿ ಒಂದು ಡಾಲರ್ ಸಾಲ ಮಾಡದಿದ್ದರೂ ಅದೇ ಸಾಲ 3.6 ಲಕ್ಷ ಕೋಟಿಯಾಯಿತು. ತೆರಿಗೆ ಬರುವುದು ಮಾತ್ರ ರೂಪಾಯಿಯಲ್ಲಿ.

ಈಗ ಜಪಾನ್. ಅದರ ಸರ್ಕಾರಿ ಸಾಲವೆಲ್ಲ ಹೆಚ್ಚೂಕಡಿಮೆ ಯೆನ್‌ನಲ್ಲೇ ಇದೆ, ಬಹುಪಾಲು ಕೊಟ್ಟಿರುವವರೂ ಜಪಾನಿನವರೇ. ಜನ ಬ್ಯಾಂಕಿನಲ್ಲಿ, ವಿಮೆಯಲ್ಲಿ, ಪಿಂಚಣಿ ನಿಧಿಯಲ್ಲಿ ಇಟ್ಟ ಉಳಿತಾಯವೇ ಸರ್ಕಾರಿ ಬಾಂಡ್ ಆಗಿ ಕುಳಿತಿದೆ. ಬಾಂಡುಗಳಲ್ಲಿ ಸುಮಾರು ಅರ್ಧ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನ್ ಕೈಯಲ್ಲಿದೆ. ಅದಕ್ಕೆ ಕಟ್ಟಿದ ಬಡ್ಡಿಯ ದೊಡ್ಡ ಭಾಗ ಲಾಭವಾಗಿ ಖಜಾನೆಗೇ ಮರಳುತ್ತದೆ. ಮೇಲಾಗಿ ಜಪಾನಿಗರು ಹೊರದೇಶಗಳಲ್ಲಿ ಹೂಡಿರುವ ಆಸ್ತಿ, ಅವರು ಹೊರಗಿನವರಿಗೆ ಕೊಡಬೇಕಾದ್ದಕ್ಕಿಂತ 2024ರ ಕೊನೆಗೆ 500 ಲಕ್ಷ ಕೋಟಿ ಯೆನ್‌ಗೂ ಹೆಚ್ಚಿತ್ತು.

ಹಾಗೆಂದು ಜಪಾನಿಗೆ ಈ ಸಾಲ ಪುಕ್ಕಟೆಯಲ್ಲ. ಎಷ್ಟೋ ವರ್ಷ ಬಡ್ಡಿದರ ಸೊನ್ನೆಯ ಹತ್ತಿರವಿದ್ದುದರಿಂದ ಹೊರೆ ಕಾಣಲಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಬ್ಯಾಂಕಿನ ಋಣಾತ್ಮಕ (ಸೊನ್ನೆಗಿಂತ ಕೆಳಗಿನ) ಬಡ್ಡಿದರ ಕೊನೆಗೊಂಡಿತು, 2025ರ ಡಿಸೆಂಬರಿಗೆ ದರ ಶೇ 0.75ಕ್ಕೆ ಏರಿತು. 2025ರ ಬಜೆಟ್ಟಿನಲ್ಲೇ ಸುಮಾರು ನಾಲ್ಕರಲ್ಲೊಂದು ಭಾಗ ಸಾಲದ ಅಸಲು-ಬಡ್ಡಿಗೆ ಮೀಸಲು. ಹಳೆಯ ಅಗ್ಗದ ಬಾಂಡುಗಳ ಅವಧಿ ಮುಗಿದು ಹೊಸ ದರದ ಬಾಂಡುಗಳು ಬಂದಂತೆಲ್ಲ ಈ ಪಾಲು ಮೆಲ್ಲಗೆ ಏರುತ್ತದೆ.

ಸ್ವಂತ ಕರೆನ್ಸಿ ಇದ್ದರೆ ಸಾಕೇ? ಬ್ರಿಟನ್ನಿನ ಅನುಭವ ಸಾಲದು ಎನ್ನುತ್ತದೆ. 2022ರ ಸೆಪ್ಟೆಂಬರ್ 23ರಂದು ಆಗಿನ ಪ್ರಧಾನಿ ಲಿಜ್ ಟ್ರಸ್ ಅವರ ಸರ್ಕಾರ ಸುಮಾರು 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿತು, ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಹೇಳಲಿಲ್ಲ. 30 ವರ್ಷದ ಬಾಂಡಿನ ಬಡ್ಡಿ ಕೆಲವೇ ದಿನಗಳಲ್ಲಿ ಶೇ 5 ಮುಟ್ಟಿತು. ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಬೀಳುತ್ತದೆ. ಬಾಂಡ್ ಅಡವಿಟ್ಟು ಸಾಲ ಎತ್ತಿದ್ದ ಪಿಂಚಣಿ ನಿಧಿಗಳಿಗೆ ಹೆಚ್ಚುವರಿ ನಗದು ಕಟ್ಟಿ ಎಂಬ ಕರೆ ಬಂತು. ಅದಕ್ಕಾಗಿ ಅವು ಬಾಂಡನ್ನೇ ಮಾರಿದವು, ಬೆಲೆ ಮತ್ತಷ್ಟು ಬಿತ್ತು. ಸೆಪ್ಟೆಂಬರ್ 28ರಂದು ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಬಾಂಡ್ ಕೊಳ್ಳಲು ಇಳಿದು ಆ ಸುಳಿಯನ್ನು ನಿಲ್ಲಿಸಿತು. ಟ್ರಸ್ ಅಕ್ಟೋಬರ್ 20ರಂದು ರಾಜೀನಾಮೆ ಘೋಷಿಸಿದರು. ಇಷ್ಟಾದರೂ ಬ್ರಿಟನ್ ಒಂದು ಕಂತನ್ನೂ ತಪ್ಪಿಸಲಿಲ್ಲ. ಸ್ವಂತ ಕರೆನ್ಸಿಯಿಂದ ಸಿಗುವ ರಕ್ಷಣೆ ಅದು.

ಸಾಲದ ಪ್ರಮಾಣ ಏರುವುದೋ ಇಳಿಯುವುದೋ ತಿಳಿಯಲು ಸಣ್ಣ ಲೆಕ್ಕ ಸಾಕು. ಸಾಲ ಜಿಡಿಪಿಯ ಶೇ 100 ಇರಲಿ. ಬಡ್ಡಿ ಬಿಟ್ಟು ಉಳಿದ ಖರ್ಚು, ವರಮಾನಕ್ಕಿಂತ ಜಿಡಿಪಿಯ ಶೇ 2ರಷ್ಟು ಹೆಚ್ಚಿರಲಿ. ಸರಾಸರಿ ಬಡ್ಡಿ ಶೇ 5, ಬೆಲೆಯೇರಿಕೆಯೂ ಸೇರಿದಂತೆ ಜಿಡಿಪಿ ಬೆಳವಣಿಗೆ ಶೇ 8 ಆದರೆ, 105ನ್ನು 108ರಿಂದ ಭಾಗಿಸಿ, 100ರಿಂದ ಗುಣಿಸಿ, 2 ಕೂಡಿಸಿ: ವರ್ಷದ ಕೊನೆಗೆ ಸುಮಾರು ಶೇ 99. ಕೊರತೆ ಇದ್ದೂ ಸಾಲದ ಪ್ರಮಾಣ ಇಳಿಯಿತು. ಬಡ್ಡಿ ಶೇ 8, ಬೆಳವಣಿಗೆ ಶೇ 4 ಆದರೆ ಅದೇ ಲೆಕ್ಕ ಶೇ 106ರ ಹತ್ತಿರ ಬರುತ್ತದೆ. ಜಗತ್ತಿನ ಹಣಕಾಸು ಸಚಿವರು 2022ರ ನಂತರದ ಬಡ್ಡಿ ಏರಿಕೆಗೆ ಬೆಚ್ಚಿದ್ದು ಈ ಕಾರಣಕ್ಕೆ. ಅಮೆರಿಕದ ಕೇಂದ್ರ ಸರ್ಕಾರ 2024ರ ಹಣಕಾಸು ವರ್ಷದಲ್ಲಿ ರಕ್ಷಣೆಗಿಂತ ಹೆಚ್ಚು ದುಡ್ಡನ್ನು ಬಡ್ಡಿಗೆ ಕಟ್ಟಿತು.

ಡಾಲರ್ ಇಲ್ಲದಿರುವುದು ಏನೆಂದು ಭಾರತಕ್ಕೆ ಗೊತ್ತು. 1991ರಲ್ಲಿ ಮೇ ತಿಂಗಳು 20 ಟನ್, ಜುಲೈಯಲ್ಲಿ ಸುಮಾರು 47 ಟನ್ ಚಿನ್ನ ಹೊರಗೆ ಕಳಿಸಿ ಡಾಲರ್ ತಂದೆವು. ಈಗ ಕೇಂದ್ರ ಸರ್ಕಾರದ ಸಾಲ ಬಹುತೇಕ ರೂಪಾಯಿಯಲ್ಲಿದೆ, ಆ ಭಯ ಕಡಿಮೆ. ನೋವು ಬಡ್ಡಿಯದು. 2025-26ರ ಕೇಂದ್ರ ಬಜೆಟ್ ಅಂದಾಜಿನಲ್ಲಿ ಬಡ್ಡಿ 12.76 ಲಕ್ಷ ಕೋಟಿ, ರಾಜಸ್ವ ಸ್ವೀಕೃತಿ (ಸಾಲ ಬಿಟ್ಟು ತೆರಿಗೆ ಮುಂತಾದವುಗಳಿಂದ ಬರುವ ವರಮಾನ) 34.2 ಲಕ್ಷ ಕೋಟಿ. ಕೈಗೆ ಬರುವ ಪ್ರತಿ 100 ರೂಪಾಯಿಯಲ್ಲಿ 37 ರೂಪಾಯಿ, ಶಾಲೆಗೋ ರಸ್ತೆಗೋ ಹೋಗುವ ಮೊದಲೇ ಮುಗಿಯಿತು.

ರಾಜ್ಯಗಳ ಸಾಲವನ್ನು ಇದೇ ಕಣ್ಣಿನಲ್ಲಿ ನೋಡಿದರೆ, ಅವು ಜಪಾನಿಗಿಂತ, ಸಾಲದ ಬಿಕ್ಕಟ್ಟಿಗೆ ಸಿಕ್ಕಿದ್ದ ಗ್ರೀಸಿಗೆ ಹತ್ತಿರ. ಗ್ರೀಸ್ ಯೂರೋ ಮುದ್ರಿಸಲಾರದು, ಕರ್ನಾಟಕ ರೂಪಾಯಿ ಮುದ್ರಿಸಲಾರದು. ಅದಕ್ಕೇ 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿಗಳಿಗೆ ಅಷ್ಟು ತೂಕ: ವಿತ್ತೀಯ ಕೊರತೆ (ಸಾಲ ಮಾಡಿ ತುಂಬಬೇಕಾದ ಖರ್ಚಿನ ಭಾಗ) ರಾಜ್ಯದ ಜಿಡಿಪಿಯ ಶೇ 3ರೊಳಗೆ, ಒಟ್ಟು ಸಾಲ ಶೇ 25ರೊಳಗೆ. ಬಜೆಟ್ ಮಂಡನೆಯಾದ ದಿನ ಈ ಎರಡು ಅಂಕಿಗಳ ಜೊತೆ ಬಡ್ಡಿ ಪಾವತಿಯ ಮೊತ್ತವನ್ನೂ ಹುಡುಕಿ, ಅದನ್ನು ರಾಜಸ್ವ ಸ್ವೀಕೃತಿಯಿಂದ ಭಾಗಿಸಿ, ಹಿಂದಿನ ಐದು ವರ್ಷಗಳ ಪಕ್ಕದಲ್ಲಿಟ್ಟು ನೋಡಿ.