ಯುಎನ್ ಸಂಖ್ಯೆ: ಟ್ಯಾಂಕರಿನ ಬೆನ್ನ ಮೇಲಿನ ನಾಲ್ಕು ಅಂಕಿ

ನಂಗಲಿ ದಾಟಿ ಮುಳಬಾಗಿಲಿನ ಕಡೆಗೆ ಬರುವ ಹೆದ್ದಾರಿಯ ಬದಿಯಲ್ಲಿ ಸಂಜೆಯ ಹೊತ್ತು ಸ್ವಲ್ಪ ನಿಂತರೆ ಸಾಕು, ಚೆನ್ನೈ ದಿಕ್ಕಿನಿಂದ ಬರುವ ಟ್ಯಾಂಕರುಗಳೂ ಕಂಟೇನರ್ ಲಾರಿಗಳೂ ಸಾಲುಗಟ್ಟಿ ಕಾಣಿಸುತ್ತವೆ. ಕೆಲವುಗಳ ಬೆನ್ನ ಮೇಲೆ ಒಂದು ಫಲಕ. ಅದರಲ್ಲಿ ನಾಲ್ಕು ಅಂಕಿ: 1830, 1203, 1017. ಪಕ್ಕದಲ್ಲಿ ಮೂಲೆಯ ಮೇಲೆ ನಿಲ್ಲಿಸಿದಂಥ ಒಂದು ಚೌಕ, ಅದರೊಳಗೆ ತಲೆಬುರುಡೆಯದೋ ಬೆಂಕಿಯ ನಾಲಗೆಯದೋ ಚಿತ್ರ. ಆ ಅಂಕಿಗಳನ್ನು ಲಾರಿ ಕಂಪನಿಯವರು ತಮ್ಮ ಲೆಕ್ಕಕ್ಕೆ ಬರೆದುಕೊಂಡದ್ದು ಎಂದು ಭಾವಿಸಿದವರೇ ನಮ್ಮೂರಿನಲ್ಲಿ ಹೆಚ್ಚು. ವೈಟ್‌ಫೀಲ್ಡಿನ ಕಂಟೇನರ್ ಡಿಪೋದ ಬಳಿ ಕಸ್ಟಮ್ಸ್ ಕಾಗದಪತ್ರ ಸಿದ್ಧಪಡಿಸುವ ಕೆಲಸಕ್ಕೆ ಸೇರುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಅದು ಯುಎನ್ ಸಂಖ್ಯೆ. ಸಾಗಿಸುವಾಗ ಜನರಿಗೆ, ವಾಹನಕ್ಕೆ ಅಥವಾ ನೆಲಜಲಕ್ಕೆ ಅಪಾಯ ತರಬಲ್ಲ ಒಂದು ವಸ್ತುವಿಗೆ ಅಥವಾ ಒಂದೇ ಗುಣದ ವಸ್ತುಗಳ ಗುಂಪಿಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ ಕೊಟ್ಟಿರುವ ಗುರುತು. ಈ ಸಮಿತಿಯ ಮೊದಲ ಶಿಫಾರಸುಗಳು ಹೊರಬಂದದ್ದು 1956ರಲ್ಲಿ. ಇಂದು ಹಡಗು, ವಿಮಾನ, ರೈಲು, ರಸ್ತೆ ಎಲ್ಲದರ ನಿಯಮಗಳೂ ಇದೇ ಸಂಖ್ಯೆಯನ್ನು ಬಳಸುತ್ತವೆ. 1203 ಎಂದರೆ ಕೊರಿಯಾದಲ್ಲಿಯೂ ಪೆಟ್ರೋಲ್, ಕೋಲಾರದಲ್ಲಿಯೂ ಪೆಟ್ರೋಲ್. 1017 ಕ್ಲೋರಿನ್ ಅನಿಲ. 1005 ಅಮೋನಿಯಾ, ಹಾಲು ತಂಪು ಮಾಡುವ ಘಟಕಗಳಿಗೂ ಶೀತಲ ಗೃಹಗಳಿಗೂ ಬರುವುದು ಅದೇ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಗಡಿ ಜಿಲ್ಲೆಯಲ್ಲಿ, ಯಾವ ಭಾಷೆಯ ಹಂಗೂ ಇಲ್ಲದೆ ಅಪಾಯವನ್ನು ಹೇಳುವ ಗುರುತಿನ ಬೆಲೆ ಬೇಗ ಅರ್ಥವಾಗುತ್ತದೆ.

ಸಂಖ್ಯೆ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆಗೆ ವರ್ಗವಿರುತ್ತದೆ. ಒಟ್ಟು ಒಂಬತ್ತು ವರ್ಗ: 1 ಸ್ಫೋಟಕ, 2 ಅನಿಲ, 3 ಹೊತ್ತಿಕೊಳ್ಳುವ ದ್ರವ, 4 ಹೊತ್ತಿಕೊಳ್ಳುವ ಘನವಸ್ತು, 5 ಬೆಂಕಿಗೆ ಆಮ್ಲಜನಕ ಒದಗಿಸಿ ಉರಿಸುವಂಥದು, 6 ವಿಷ ಮತ್ತು ಸೋಂಕು ಹರಡುವಂಥದು, 7 ವಿಕಿರಣಶೀಲ, 8 ಚರ್ಮವನ್ನೂ ಲೋಹವನ್ನೂ ತಿನ್ನುವಂಥದು, 9 ಉಳಿದದ್ದು. ಅಪಾಯದ ತೀವ್ರತೆಯನ್ನು ಹೇಳಲು ಪ್ಯಾಕಿಂಗ್ ಗುಂಪು ಎಂಬುದೊಂದಿದೆ. ಒಂದನೆಯದು ಅತಿ ಅಪಾಯದ್ದು, ಮೂರನೆಯದು ಕಡಿಮೆ. ಒಂದು ವಸ್ತುವಿಗೆ ಎರಡು ಬಗೆಯ ಅಪಾಯವೂ ಇರಬಹುದು. ಮೆಥನಾಲ್‌ನ ಸಂಖ್ಯೆ 1230, ಅದರ ಮುಖ್ಯ ವರ್ಗ 3, ಜೊತೆಗೆ 6.1, ಅಂದರೆ ಆರನೆಯ ವರ್ಗದಲ್ಲಿ ವಿಷದ ಭಾಗ. ಹೊತ್ತಿಕೊಳ್ಳುತ್ತದೆ, ಕುಡಿದರೆ ಕಣ್ಣನ್ನೂ ಜೀವವನ್ನೂ ತೆಗೆಯುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಕಸ್ಟಮ್ಸ್ ಎಂದೊಡನೆ ವ್ಯಾಪಾರಿಗಳ ಬಾಯಿಗೆ ಬರುವುದು ಎಚ್‌ಎಸ್‌ಎನ್ ಕೋಡ್. ಆಮದಿಗೆ ಬಿಲ್ ಆಫ್ ಎಂಟ್ರಿ, ರಫ್ತಿಗೆ ಶಿಪ್ಪಿಂಗ್ ಬಿಲ್. ಎರಡರಲ್ಲಿಯೂ ಸರಕಿನ ಎಂಟು ಅಂಕಿಯ ಈ ಕೋಡ್ ಇರಬೇಕು, ಸುಂಕ ಎಷ್ಟು ಎಂಬುದು ನಿಲ್ಲುವುದು ಅದರ ಮೇಲೆ. ಹೀಗಾಗಿ ಎಚ್‌ಎಸ್‌ಎನ್ ಸರಿಯಿದ್ದರೆ ಎಲ್ಲವೂ ಸರಿಯಿದೆ ಎಂಬ ನಂಬಿಕೆ ಬೇರೂರಿದೆ. ಆದರೆ ಎಚ್‌ಎಸ್‌ಎನ್ ಕೇಳುವುದು ಈ ಸರಕಿನ ತೆರಿಗೆ ಎಷ್ಟು ಎಂದು. ಯುಎನ್ ಸಂಖ್ಯೆ ಕೇಳುವುದು ಇದು ಚೆಲ್ಲಿದರೆ ಪಕ್ಕದಲ್ಲಿ ನಿಂತವನಿಗೆ ಏನಾಗುತ್ತದೆ ಎಂದು.

ಸಲ್ಫ್ಯೂರಿಕ್ ಆಮ್ಲವನ್ನೇ ನೋಡಿ. ಎಚ್‌ಎಸ್‌ಎನ್‌ನಲ್ಲಿ ಅದಕ್ಕಿರುವುದು 2807 ಎಂಬ ಒಂದೇ ಶೀರ್ಷಿಕೆ, ಎಂಟು ಅಂಕಿಗಳಲ್ಲಿ ಮೊದಲ ನಾಲ್ಕು ಅವೇ. ಯುಎನ್ ಪಟ್ಟಿಯಲ್ಲಾದರೋ ಶೇ 51ಕ್ಕಿಂತ ಸಾಂದ್ರವಾಗಿದ್ದರೆ 1830, ಅದಕ್ಕಿಂತ ತೆಳುವಾಗಿದ್ದರೆ ಅಥವಾ ಬ್ಯಾಟರಿಗೆ ಹಾಕುವ ಆಮ್ಲವಾಗಿದ್ದರೆ 2796, ಹೊಗೆಯಾಡುವ ಓಲಿಯಂ ಆಗಿದ್ದರೆ 1831. ತೆರಿಗೆಯವರಿಗೆ ಇವೆಲ್ಲ ಒಂದೇ ಮನೆಯವು, ಅಗ್ನಿಶಾಮಕ ಸಿಬ್ಬಂದಿಗೆ ಹಾಗಲ್ಲ. ಇದರ ತಿರುಗುಮುರುಗೂ ಉಂಟು. ಬಣ್ಣಕ್ಕೂ ಅದನ್ನು ತೆಳುಮಾಡುವ ಥಿನ್ನರಿಗೂ ಎಚ್‌ಎಸ್‌ಎನ್ ಅಧ್ಯಾಯಗಳೇ ಬೇರೆ. ಯುಎನ್ ಪಟ್ಟಿಯಲ್ಲಿ ಎರಡೂ 1263ರ ಅಡಿಯಲ್ಲಿ ಬರಬಹುದು, ಏಕೆಂದರೆ ಎರಡೂ ಹೊತ್ತಿಕೊಳ್ಳುವ ರೀತಿ ಒಂದೇ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕೋಲಾರದ ಕಡೆಯ ಒಂದು ಕಾರ್ಖಾನೆಗೆ ಹೈಡ್ರೋಜನ್ ಪೆರಾಕ್ಸೈಡ್ ಬಂದಿತ್ತು. ಕಾಗದದಲ್ಲಿ 2984, ಡ್ರಮ್ಮಿನ ಮೇಲೆ 2014. ಹಿಂದೊಮ್ಮೆ ತರಿಸಿದ್ದ ತೆಳುವಾದ ಸರಕಿನ ಕಾಗದವನ್ನು ಯಾರೋ ಹಾಗೆಯೇ ನಕಲು ಮಾಡಿದ್ದರು. ಅದನ್ನು ಪರಿಶೀಲಿಸದೆ ಮುಂದಕ್ಕೆ ಕಳುಹಿಸಿದವನು ನಾನು. ಕಂಟೇನರ್ ಡಿಪೋದಲ್ಲಿಯೇ ನಿಂತಿತು, ದಿನಕ್ಕಿಷ್ಟು ಎಂದು ಬಾಡಿಗೆ ಏರತೊಡಗಿತು. ಕಾರ್ಖಾನೆಯ ಯಜಮಾನರು ಫೋನ್ ಮಾಡಿ, “ಪದಾರ್ಥ ಒಂದೇ ಅಲ್ಲವೇನಪ್ಪಾ? ಒಂದು ನಂಬರಿಗೆ ಇಷ್ಟು ದಂಡವೇ?” ಎಂದು ಕೇಳಿದರು. ಪದಾರ್ಥದ ಹೆಸರು ಒಂದೇ, ನಿಜ. ಆದರೆ 2984 ಎಂದರೆ ಶೇ 8ರಿಂದ 20ರೊಳಗಿನದು, ಮೂರನೆಯ ಪ್ಯಾಕಿಂಗ್ ಗುಂಪು. 2014 ಎಂದರೆ ಶೇ 20ರಿಂದ 60ರವರೆಗಿನದು, ಎರಡನೆಯ ಗುಂಪು, ಬೆಂಕಿಯನ್ನು ಉರಿಸುವುದರ ಜೊತೆಗೆ ಚರ್ಮವನ್ನೂ ಸುಡುತ್ತದೆ. ನನ್ನ ಕಾಗದವನ್ನು ನಂಬಿ ಬರಿಗೈಯಲ್ಲಿ ಡ್ರಮ್ ಇಳಿಸುವವರು ನಮ್ಮದೇ ಬಂಗಾರಪೇಟೆ, ಮಾಲೂರಿನ ಕಡೆಯ ಹುಡುಗರು. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಂದಿನಿಂದ ನಾನು ಹಳೆಯ ಕಾಗದವನ್ನು ನಂಬುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಪ್ರತಿಯೊಂದು ಅಪಾಯಕಾರಿ ರಾಸಾಯನಿಕದ ಜೊತೆಗೂ ತಯಾರಕರು ಸುರಕ್ಷತಾ ಮಾಹಿತಿ ಪತ್ರವನ್ನು ಕೊಡಬೇಕು. ಅದರಲ್ಲಿ 16 ವಿಭಾಗಗಳಿರುತ್ತವೆ. ಹದಿನಾಲ್ಕನೆಯದು ಸಾಗಣೆಯದು; ಯುಎನ್ ಸಂಖ್ಯೆ, ಸಾಗಣೆಯ ಅಧಿಕೃತ ಹೆಸರು, ವರ್ಗ, ಪ್ಯಾಕಿಂಗ್ ಗುಂಪು ಎಲ್ಲವೂ ಅಲ್ಲಿವೆ. ರಫ್ತು ಮಾಡುವವರು ಹಡಗು ಕಂಪನಿಗೆ ಕೊಡುವ ಅಪಾಯಕಾರಿ ಸರಕಿನ ಘೋಷಣೆಗೂ ಇದೇ ಆಧಾರ. ಅಂಗಡಿಯಲ್ಲಿ ಕರೆಯುವ ಹೆಸರನ್ನು, ಕಂಪನಿ ಇಟ್ಟ ಬ್ರ್ಯಾಂಡ್ ಹೆಸರನ್ನು ಅಲ್ಲಿ ಬರೆಯುವಂತಿಲ್ಲ. ಇನ್ನು ಆಮದಿನ ಕಡೆ, 1984ರ ಭೋಪಾಲ್ ದುರಂತದ ನಂತರ ಬಂದ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳು ಜಾರಿಯಾದವು. ತರಿಸುವವರು 30 ದಿನ ಮೊದಲೇ, ಅದು ಆಗದಿದ್ದರೆ ತಡವೆಂದರೂ ಆಮದಿನ ದಿನದೊಳಗೆ, ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕೆಂಬುದು ಅದರಲ್ಲಿದೆ.

ಕೋಲಾರದವರಿಗೆ ಹತ್ತಿರದ ಒಂದು ಸಂಖ್ಯೆ 1689. ಅದು ಸೋಡಿಯಂ ಸೈನೈಡ್. ವರ್ಗ 6.1, ಪ್ಯಾಕಿಂಗ್ ಗುಂಪು ಒಂದು, ಅಂದರೆ ವಿಷಗಳಲ್ಲಿ ಮೊದಲ ಸಾಲಿನದು. ಅದಿರನ್ನು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ನೆನೆಸಿದರೆ ಚಿನ್ನ ಕರಗಿ ಬರುತ್ತದೆ ಎಂಬ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ದೊರಕಿತು. ಕೆಜಿಎಫ್ ಗಣಿಗಳೂ ಅದನ್ನು ಅಳವಡಿಸಿಕೊಂಡವು. 2001ರಲ್ಲಿ ಗಣಿ ಮುಚ್ಚಿದರೂ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ರಾಶಿ ಹಾಕಿದ ಸೈನೈಡ್ ದಿಬ್ಬಗಳು ಇಂದಿಗೂ ನಿಂತಿವೆ. ಗಾಳಿಯ ದಿನಗಳಲ್ಲಿ ಅವುಗಳ ದೂಳು ಮನೆಗಳ ಮೇಲೆ ಬೀಳುತ್ತದೆ. ಗಣಿ ಸೈನೈಡ್ ಬಳಸಲು ಆರಂಭಿಸಿದ ಕಾಲಕ್ಕೆ ಯುಎನ್ ಸಂಖ್ಯೆ ಎಂಬುದೇ ಇರಲಿಲ್ಲ. ಈಗಿನ ನಿಯಮದಲ್ಲಿ 1689 ಎಂದು ಬರೆದ ಕೂಡಲೇ ಅದರ ಹಿಂದೆ ಒಂದು ಎಚ್ಚರಿಕೆಯೂ ಬರುತ್ತದೆ: ಆಮ್ಲಗಳಿಂದ ದೂರವಿಡಬೇಕು. ಆಮ್ಲ ತಾಗಿದರೆ ಸೈನೈಡ್ ಹೈಡ್ರೋಜನ್ ಸೈನೈಡ್ ಎಂಬ ಮಾರಕ ಅನಿಲವನ್ನು ಬಿಡುತ್ತದೆ. ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬಾರದು ಎಂಬ ಹಡಗಿನ ಲೆಕ್ಕವೆಲ್ಲ ಈ ಸಂಖ್ಯೆ ಮತ್ತು ವರ್ಗಗಳಿಂದಲೇ ಆರಂಭವಾಗುತ್ತದೆ.

ಘೋಷಿಸಿದ್ದು ಒಂದು, ಪೆಟ್ಟಿಗೆಯೊಳಗಿರುವುದು ಇನ್ನೊಂದು ಎಂದಾದರೆ ಏನಾಗುತ್ತದೆ ಎಂಬುದಕ್ಕೆ ಚೆನ್ನೈನಲ್ಲಿಯೇ ಒಂದು ಉದಾಹರಣೆ ಇದೆ. ರಸಗೊಬ್ಬರ ದರ್ಜೆಯದು ಎಂದು ತೋರಿಸಿ ತರಿಸಿದ್ದ ಸುಮಾರು 700 ಟನ್ ಅಮೋನಿಯಂ ನೈಟ್ರೇಟನ್ನು 2015ರಲ್ಲಿ ಕಸ್ಟಮ್ಸ್ ಜಪ್ತಿ ಮಾಡಿತು. ಅದು ಸ್ಫೋಟಕಕ್ಕೆ ಬಳಸುವ ದರ್ಜೆಯದೆಂದು ಇಲಾಖೆ ಹೇಳಿತು. ಸರಕು ಮನಲಿಯ ಕಂಟೇನರ್ ನಿಲ್ದಾಣದಲ್ಲಿ ವರ್ಷಗಟ್ಟಲೆ ಉಳಿಯಿತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತ ಮೇಲೆಯೇ ಮನಲಿಯ ಸರಕಿಗೆ ತುರ್ತು ಬಂದದ್ದು. ಅದನ್ನು ಹೈದರಾಬಾದಿನ ಕಡೆಗೆ ಸಾಗಿಸಲಾಯಿತು. ಈ ಒಂದು ವಸ್ತುವಿಗೆ ಯುಎನ್ ಪಟ್ಟಿಯಲ್ಲಿ ಹಲವು ಸಂಖ್ಯೆಗಳಿವೆ: ಗೊಬ್ಬರವಾದರೆ 2067, ದಹಿಸುವ ಅಂಶ ಶೇ 0.2ಕ್ಕಿಂತ ಹೆಚ್ಚಿಲ್ಲದ್ದಾದರೆ 1942, ಅದಕ್ಕಿಂತ ಹೆಚ್ಚಿದ್ದರೆ ಸ್ಫೋಟಕಗಳ ಸಾಲಿನ 0222. ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳೆಲ್ಲ ಸ್ಫೋಟಕಗಳವು.

ರಸ್ತೆಗೆ ಮರಳೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕಿನ ವಾಹನ ತುರ್ತು ಮಾಹಿತಿ ಫಲಕವನ್ನು ಹೊಂದಿರಬೇಕು. ವಸ್ತುವಿನ ಸರಿಯಾದ ಹೆಸರು, ಅಪಾಯದ ಗುರುತು, ತುರ್ತು ಸಮಯದಲ್ಲಿ ಕರೆಯಬೇಕಾದ ದೂರವಾಣಿ ಅದರ ಮೇಲಿರಬೇಕು. ಚಾಲಕರಿಗೆ ವಿಶೇಷ ತರಬೇತಿ ಆಗಿರಬೇಕು, ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಲು ಬರೆಯಲು ಬರಬೇಕು. ಫಲಕದಲ್ಲಿ ಹಲವೊಮ್ಮೆ ‘3ವೈಇ’ ಎಂಬಂಥ ಇನ್ನೊಂದು ಗುರುತೂ ಕಾಣುತ್ತದೆ. ಅದು ಅಗ್ನಿಶಾಮಕ ದಳಕ್ಕೆ. ಮೊದಲಿನ 3 ಎಂದರೆ ನೊರೆ ಬಳಸಿ ಎಂದು, ಕೊನೆಯ ‘ಇ’ ಎಂದರೆ ಸುತ್ತಲಿನ ಜನರನ್ನು ತೆರವು ಮಾಡುವ ಬಗ್ಗೆ ಯೋಚಿಸಿ ಎಂದು.

ಟ್ಯಾಂಕರ್ ಉರುಳಿದರೆ ಕೊಡ, ಕ್ಯಾನ್ ಹಿಡಿದು ಓಡುವುದು ನಮ್ಮ ರಸ್ತೆಗಳಲ್ಲಿ ಇನ್ನೂ ನಿಂತಿಲ್ಲ. ದಯವಿಟ್ಟು ಓಡಬೇಡಿ. ದೂರದಿಂದಲೇ ಆ ನಾಲ್ಕು ಅಂಕಿಗಳನ್ನು ಓದಿ, 112ಕ್ಕೆ ಕರೆ ಮಾಡಿ ಅವನ್ನು ಹೇಳಿ, ಗಾಳಿ ಬೀಸಿ ಬರುವ ದಿಕ್ಕಿಗೆ ಸರಿದು ನಿಲ್ಲಿ. “ಏನೋ ಬಿಳಿ ಹೊಗೆ ಬರುತ್ತಿದೆ” ಎನ್ನುವುದಕ್ಕೂ “1005 ಎಂದು ಬರೆದಿದೆ” ಎನ್ನುವುದಕ್ಕೂ ನಡುವೆ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತು ಕೇಳಿದ ಸಿಬ್ಬಂದಿ ಅಮೋನಿಯಾಕ್ಕೆ ಸಿದ್ಧರಾಗಿಯೇ ಹೊರಡುತ್ತಾರೆ.

ಡ್ರಮ್ಮಿನ ಮೇಲೆ ವೃತ್ತದೊಳಗೆ ‘ಯು’ ಮತ್ತು ‘ಎನ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಒತ್ತಿ, ಮುಂದೆ ‘1ಎಚ್1’ ಎಂಬಂಥ ಸಂಕೇತ ಇರುವುದನ್ನು ನೀವು ನೋಡಿರಬಹುದು. ಅದು ಒಳಗಿನ ವಸ್ತುವಿನ ಯುಎನ್ ಸಂಖ್ಯೆಯಲ್ಲ. ಡ್ರಮ್ ಬೀಳಿಸಿ, ಒತ್ತಡ ಹಾಕಿ ಮಾಡುವ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಮುದ್ರೆ. 1ಎಚ್1 ಎಂದರೆ ಮುಚ್ಚಳ ತೆಗೆಯಲಾಗದ ಪ್ಲಾಸ್ಟಿಕ್ ಡ್ರಮ್. ಒಳಗೆ ಏನಿತ್ತು ಎಂಬುದನ್ನು ಹೇಳುವುದು ಅಂಟಿಸಿದ ಚೀಟಿ ಮಾತ್ರ. ನನಗೆ ಹೆಚ್ಚು ಚಿಂತೆ ತರುವುದು ಈ ಚೀಟಿಯೇ. ಸರಕು ಖಾಲಿಯಾದರೂ ತೊಳೆದು ಶುದ್ಧಮಾಡದ ಡ್ರಮ್ ತುಂಬಿದ್ದಾಗಿನ ಗುರುತನ್ನೇ ಹೊತ್ತಿರಬೇಕು ಎಂಬುದು ಅಂತರರಾಷ್ಟ್ರೀಯ ಸಾಗಣೆ ನಿಯಮ. ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿಯೂ ಅಂಥ ಖಾಲಿ ಡ್ರಮ್ ಅಪಾಯಕಾರಿ ತ್ಯಾಜ್ಯವೇ. ಆದರೆ ನೀರಿಗೆ ಬರವಿರುವ ನಮ್ಮ ಊರುಗಳಲ್ಲಿ ನೀಲಿ ಡ್ರಮ್ ಇಲ್ಲದ ಅಂಗಳವಿಲ್ಲ, ಗುಜರಿಯಲ್ಲಿ ಅದು ಅಗ್ಗಕ್ಕೆ ಸಿಗುತ್ತದೆ, ಮಾರುವ ಮೊದಲು ಕೀಳುವುದು ಆ ಚೀಟಿಯನ್ನೇ. ಕಳೆದ ಬೇಸಿಗೆಯಲ್ಲಿ ನಮ್ಮ ಚಿಕ್ಕಮ್ಮ ನೀರು ತುಂಬಲೆಂದು ಒಂದು ಡ್ರಮ್ ತಂದಿದ್ದರು. ಅರ್ಧ ಹರಿದ ಚೀಟಿಯಲ್ಲಿ 20 ಎಂಬ ಎರಡು ಅಂಕಿಗಳು ಮಾತ್ರ ಉಳಿದಿದ್ದವು. ಮುಂದಿನ ಎರಡು ಯಾವುವು ಎಂದು ಗುಜರಿಯವನಿಗೂ ಗೊತ್ತಿರಲಿಲ್ಲ. ಡ್ರಮ್ಮನ್ನು ಹಿಂದಿರುಗಿಸಿ, ಆಹಾರ ದರ್ಜೆಯ ಹೊಸ ತೊಟ್ಟಿಯೊಂದನ್ನು ಕೊಂಡು ತಂದೆವು.